8ನೇ ನಂಬರಿನ ಕಡ್ಡಿ

(ಮೈಸೂರಿನಲ್ಲಿ ನಮ್ಮ ಬಡಾವಣೆಯ ಹೆಂಗಸರ ಬಳಗದಲ್ಲಿ, ಡಿಸೆಂಬರಿನ ಒಂದು ಭಾನುವಾರ ಆಡಿದ ಮಾತು. ಆಡುವಾಗ ಹಿಂದುಮುಂದಾದದ್ದನ್ನು ಬರೆಯುವಾಗ ಸ್ವಲ್ಪ ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಬಂದ ಹಾಗೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಈ ಸ್ವೆಟರನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಮುಟ್ಟಿ ನೋಡಿ, ಎಳೆದು ನೋಡಿ, ಒಳಗು ಹೊರಗು ಮಾಡಿಯೂ ನೋಡಿ. ಹೆಣೆಯುವವರು ಮೊದಲು ಒಳಮೈಯನ್ನೇ ನೋಡುತ್ತಾರೆ ಅಂತ ನನಗೆ ಗೊತ್ತು. ನೋಡಿದ ಮೇಲೆ ಹಿಂದಿನ ಸಾಲಿಗೆ ದಾಟಿಸಿ. ಕೊನೆಗೆ ನನಗೆ ವಾಪಸ್ ಬಂದರೆ ಸಾಕು.

ಇದು ಕೇಬಲ್ ಕಾರ್ಡಿಗನ್. ಮುಂದೆ ಗುಂಡಿ ಇರುವ ಸ್ವೆಟರಿಗೆ ಕಾರ್ಡಿಗನ್ ಅನ್ನುತ್ತಾರೆ. ಮೈಮೇಲೆ ಹಗ್ಗದ ಹಾಗೆ, ಜಡೆಯ ಹಾಗೆ ಉಬ್ಬಿ ಕಾಣುತ್ತದಲ್ಲ, ಅದು ಕೇಬಲ್. ಪುಸ್ತಕ ನೋಡಿಕೊಂಡು ಹೆಣೆದದ್ದು. 11 ತಿಂಗಳು ಹಿಡಿಯಿತು. ಅದರಲ್ಲಿ ಮೊದಲ 2 ತಿಂಗಳು ದಂಡ. ನಾನು ಇವತ್ತು ಜಾಸ್ತಿ ಹೇಳುವುದು ಆ ದಂಡದ ಕಥೆಯನ್ನೇ.

ನಾನು ಬೆಳೆದದ್ದು ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಬಟ್ಟೆ ಒಣಗಬೇಕಾದರೆ ಒಲೆಯ ಮೇಲೆ ಹಗ್ಗ ಕಟ್ಟಬೇಕು, ಅಂಥ ಊರು. ಅಮ್ಮ ಪ್ರತಿ ವರ್ಷ ಮನೆಯಲ್ಲಿ ಯಾರಿಗಾದರೂ ಒಂದು ಸ್ವೆಟರ್ ಹೆಣೆಯುತ್ತಿದ್ದಳು. ಪುಸ್ತಕ ಇರಲಿಲ್ಲ, ಟೇಪೂ ಇರಲಿಲ್ಲ. "ಬಾ ಇಲ್ಲಿ, ತಿರುಗಿ ನಿಂತ್ಕೋ" ಅಂತ ಕರೆದು ಬೆನ್ನಿನ ಮೇಲೆ ಗೇಣು ಹಾಕುತ್ತಿದ್ದಳು. ಎರಡು ಗೇಣು, ಮೂರು ಬೆರಳು. ಎಷ್ಟು ಕುಣಿಕೆ ಹಾಕುತ್ತೀಯಮ್ಮ ಅಂದರೆ, "ನಿಮ್ಮಣ್ಣಂದಕ್ಕಿಂತ ಹತ್ತು ಕಡಿಮೆ" ಅನ್ನುತ್ತಿದ್ದಳು. ಅಣ್ಣನದು ಎಷ್ಟು ಅಂತ ಅವಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಬೈಲುಕುಪ್ಪೆ ಕಡೆಯ ಟಿಬೆಟಿಯನ್ನರು ಚಳಿಗಾಲಕ್ಕೆ ಪೇಟೆಗಳಿಗೆ ಬಂದು ರಸ್ತೆ ಬದಿಯಲ್ಲಿ ಬಣ್ಣಬಣ್ಣದ ಸ್ವೆಟರ್ ಹರಡತೊಡಗಿದರು. ಅವು ಹೆಚ್ಚಾಗಿ ಲುಧಿಯಾನಾದ ಮಿಷನ್ನಿನಲ್ಲಿ ಆದವು. ಅಮ್ಮ ಒಂದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಬೆಲೆ ಕೇಳಿದಳು. ಆ ವರ್ಷದಿಂದ ಕಡ್ಡಿ ಪೆಟ್ಟಿಗೆ ಸೇರಿತು.

ಕುಣಿಕೆ ಅಂದೆ. ಕಡ್ಡಿಯ ಮೇಲಿನ ಒಂದೊಂದು ಸುತ್ತಿಗೆ ನಾನು ಕುಣಿಕೆ ಅನ್ನುತ್ತೇನೆ. ನಿಮ್ಮಲ್ಲಿ ಕೆಲವರು ಹೊಲಿಗೆ ಅನ್ನಬಹುದು, ಸ್ಟಿಚ್ ಅನ್ನಬಹುದು. ಹೆಣಿಗೆಯ ಎರಡು ಮೂಲ ಕುಣಿಕೆಗಳಾದ ನಿಟ್, ಪರ್ಲ್ ಎನ್ನುವುದಕ್ಕೆ ಸೀದಾ, ಉಲ್ಟಾ ಅನ್ನುತ್ತೇನೆ. ಮಾತು ಯಾವುದಾದರೂ ನಡೆಯುತ್ತದೆ. ಲೆಕ್ಕ ಒಂದು ತಪ್ಪದಿದ್ದರೆ ಆಯಿತು.

ಲೆಕ್ಕ ಅಂದರೆ ನನಗೆ ಕೊಬ್ಬು. 34 ವರ್ಷ ಬ್ಯಾಂಕಿನಲ್ಲಿದ್ದವಳು. ಸಂಜೆ ಒಂದು ರೂಪಾಯಿ ತಾಳೆ ಆಗದಿದ್ದರೆ ಮನೆಗೆ ಹೋಗದೆ ಕೂತವಳು. ಆದ್ದರಿಂದ ಮಗಳು ಗಾಲ್ವೇ ಊರಿನ ಹಳೇ ಪುಸ್ತಕದ ಅಂಗಡಿಯಿಂದ ಹೆಣಿಗೆಯ ಪುಸ್ತಕ ತಂದುಕೊಟ್ಟಾಗ ನನಗೆ ಹೆದರಿಕೆ ಆಗಲಿಲ್ಲ. ಅವಳಿರುವುದು ಐರ್‌ಲೆಂಡಿನ ಡಬ್ಲಿನ್‌ನಲ್ಲಿ. ಪುಸ್ತಕ ಮಾತ್ರ ಅಮೆರಿಕದಲ್ಲಿ ಅಚ್ಚಾದದ್ದು. ಒಳಗೆಲ್ಲ ಅಂಕಿ. ಬೆನ್ನಿಗೆ ಇಷ್ಟು ಕುಣಿಕೆ, ಕಂಕುಳಿಗೆ ಇಷ್ಟು ಮುಚ್ಚು, ಇಷ್ಟು ಸಾಲಿಗೊಮ್ಮೆ ಕೇಬಲ್ ತಿರುಗಿಸು. ಇದೇನು ಮಹಾ, ಬ್ಯಾಲೆನ್ಸ್ ಶೀಟಿಗಿಂತ ಸುಲಭ ಅಂದುಕೊಂಡೆ.

ಪುಸ್ತಕ 8ನೇ ನಂಬರ್ ಕಡ್ಡಿ ಹೇಳಿತ್ತು. ನನ್ನ ಪೆಟ್ಟಿಗೆಯಲ್ಲಿ 8ನೇ ನಂಬರ್ ಕಡ್ಡಿ ಇತ್ತು, ಅಮ್ಮನದೇ. ಕೆನೆ ಬಣ್ಣದ ದಪ್ಪ ಉಣ್ಣೆ ತರಿಸಿದೆ. ಸ್ಯಾಂಪಲ್ ತುಂಡು ಹೆಣೆದು ಅಳೆದು ನೋಡಿ ಅಂತ ಪುಸ್ತಕದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ನಾನು ಅದನ್ನು ಸಿಗರೇಟ್ ಪೊಟ್ಟಣದ ಮೇಲಿನ ಎಚ್ಚರಿಕೆಯ ಹಾಗೆ ದಾಟಿದೆ.

2 ತಿಂಗಳಾದ ಮೇಲೆ ಬೆನ್ನಿನ ಭಾಗ ಮುಗಿಯಿತು. ಮಂಚದ ಮೇಲೆ ಹರಡಿ ಟೇಪ್ ಇಟ್ಟೆ. ಅಗಲ 21 ಇಂಚು ಬರಬೇಕು. 18 ಚಿಲ್ಲರೆ ಬಂತು. ಎಳೆದೆ. ಬಿಟ್ಟ ತಕ್ಷಣ ಮತ್ತೆ 18 ಚಿಲ್ಲರೆ. ಮುಂಭಾಗವೂ ಹೀಗೇ ಬಂದರೆ ಸುತ್ತಳತೆಯಲ್ಲಿ 5 ಇಂಚು ಹೋಯಿತು. ಕುಣಿಕೆ ಎಣಿಸಿದೆ, 112. ಪುಸ್ತಕದಲ್ಲೂ 112. ತಾಳೆ ಸರಿಯಾಗಿದೆ, ದುಡ್ಡು ಮಾತ್ರ ಕಡಿಮೆ! ಬ್ಯಾಂಕಿನಲ್ಲಿ ಇಂಥದ್ದು ಆಗಿದ್ದರೆ ಯಾರ ಮೇಲಾದರೂ ಎನ್‌ಕ್ವೈರಿ ಆಗುತ್ತಿತ್ತು.

ನಮ್ಮ ಯಜಮಾನರು ವಿದ್ಯುತ್ ಇಲಾಖೆಯಲ್ಲಿದ್ದು ರಿಟೈರ್ ಆದವರು. ಪೇಪರ್ ಕೆಳಗಿಟ್ಟು, "ಏನಾಯ್ತೇ?" ಅಂದರು.

"ರೀ, 8ನೇ ನಂಬರ್ ಕಡ್ಡಿ ಅಂದ್ರು, 8ನೇ ನಂಬರೇ ಹಾಕಿದೀನಿ. ಆದ್ರೂ ಸಣ್ಣ ಬಂದಿದೆ."

ಹಳೇ ಟೂಲ್ ಬಾಕ್ಸಿನಿಂದ ವರ್ನಿಯರ್ ತೆಗೆದು ಕಡ್ಡಿ ಅಳೆದರು. "4 ಮಿಲಿಮೀಟರ್. ಇದು ತಂತಿ ಗೇಜ್ ಕಣೇ. ಅರ್ತಿಂಗ್‌ಗೆ 8 ಗೇಜ್ ಜಿಐ ತಂತಿ ಎಳೀತೀವಲ್ಲ, ಅದೂ ಇಷ್ಟೇ ದಪ್ಪ."

ಅವರು ಹೇಳಿದ್ದು ಸರಿ. ನಮ್ಮಲ್ಲಿ ಹಳೆಯ ಕಡ್ಡಿಗಳ ಮೇಲಿರುವುದು ಬ್ರಿಟಿಷರ ನಂಬರು. ಅದು ಹೆಚ್ಚುಕಮ್ಮಿ ತಂತಿಯ ಗೇಜಿನ ಹಾದಿಯಲ್ಲೇ ಹೋಗುತ್ತದೆ. ತಂತಿಯನ್ನು ತೂತಿನಿಂದ ತೂತಿಗೆ ಎಳೆದಷ್ಟೂ ಅದು ಸಣ್ಣಗಾಗುತ್ತದೆ. ಎಳೆದ ಸಲ ಜಾಸ್ತಿಯಾದರೆ ನಂಬರೂ ಜಾಸ್ತಿ. ಹಾಗಾಗಿ 8 ಅಂದರೆ 4 ಮಿ.ಮೀ., 10 ಅಂದರೆ ಇನ್ನೂ ಸಣ್ಣ, 3.25. ಅಮೆರಿಕದವರ ನಂಬರು ಇದಕ್ಕೆ ತದ್ವಿರುದ್ಧ. ಅಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪ. ಅವರ 8 ಅಂದರೆ 5 ಮಿ.ಮೀ., ಅವರ 10 ಅಂದರೆ 6. ನೀವು ಪುಸ್ತಕ ತಂದರೆ ಮೊದಲು ಅದು ಯಾವ ದೇಶದ್ದು ಅಂತ ನೋಡಿ. ಕಡ್ಡಿ ಕೊಳ್ಳುವಾಗ ನಂಬರ್ ಮರೆತುಬಿಡಿ, ಮಿಲಿಮೀಟರ್ ಕೇಳಿ. ನಮ್ಮ ಅಂಗಡಿಗಳಲ್ಲಿ ಸಿಗುವ ಪೋನಿ ಬ್ರಾಂಡಿನ ಕಡ್ಡಿಗಳು ನೀಲಗಿರಿಯ ಕೇತ್ತಿಯಲ್ಲಿ ಆಗುತ್ತವೆ. ಊಟಿಗೆ ಹೋಗುವ ಪುಟ್ಟ ರೈಲು ಅದೇ ಊರಿನ ಮೇಲೆ ಹಾದುಹೋಗುತ್ತದೆ. ಅಷ್ಟು ಹತ್ತಿರದಲ್ಲಿ ಕಡ್ಡಿ ಮಾಡುವವರಿದ್ದೂ ನಾನು ನಂಬರನ್ನು ನಂಬಿ ಕೂತಿದ್ದೆ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. 5 ಮಿ.ಮೀ. ಕಡ್ಡಿ ತಂದು, ಈ ಸಲ ಬುದ್ಧಿ ಬಂದು, ಸ್ಯಾಂಪಲ್ ತುಂಡು ಹೆಣೆದೆ. ಪುಸ್ತಕದ ಪ್ರಕಾರ 10 ಸೆಂ.ಮೀ.ಗೆ 18 ಕುಣಿಕೆ ಬರಬೇಕು. ನನಗೆ 17 ಬಂತು. ಈಗ ಸ್ವೆಟರ್ ದೊಡ್ಡದಾಗುತ್ತದೆ! ನನ್ನ ಕೈ ಸಡಿಲ. ಕೊನೆಗೆ ನನಗೆ ಹೊಂದಿದ್ದು 4.5 ಮಿ.ಮೀ. ಅದು ಪುಸ್ತಕದ ನಂಬರೂ ಅಲ್ಲ, ಅಮ್ಮನ ನಂಬರೂ ಅಲ್ಲ.

ನನಗೆ ಆಗ ಹೊಳೆದದ್ದು ಇಷ್ಟು. ಪುಸ್ತಕದಲ್ಲಿರುವ 112 ಅನ್ನುವ ಅಂಕಿ ಸ್ವೆಟರಿನದಲ್ಲ. ಅದು ಯಾವಳೋ ಒಬ್ಬ ಹೆಂಗಸಿನ ಕೈಯದು. ಆಕೆ ನೂಲನ್ನು ಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತುತ್ತಾಳೆ ಅನ್ನುವುದು ಆ ಅಂಕಿಯೊಳಗೆ ಕೂತಿದೆ. ಅಮ್ಮನ "ಅಣ್ಣನದಕ್ಕಿಂತ ಹತ್ತು ಕಡಿಮೆ" ಹೇಗೆ ಅಮ್ಮನ ಕೈಗೆ ಮಾತ್ರ ಸರಿಯೋ, ಇದೂ ಹಾಗೇ. ಅಚ್ಚಾಗಿದೆ ಅನ್ನುವುದಷ್ಟೇ ವ್ಯತ್ಯಾಸ.

ಸ್ಯಾಂಪಲ್ ಹೆಣೆಯುವವರಿಗೆ ಎರಡು ಮಾತು. 4 ಇಂಚಿನ ತುಂಡು ಸಾಲದು, 6 ಇಂಚಾದರೂ ಇರಲಿ. ಅಂಚಿನ ಕುಣಿಕೆಗಳು ಸುಳ್ಳು ಹೇಳುತ್ತವೆ, ನಡುವಿನಲ್ಲಿ ಅಳೆಯಿರಿ. ಇನ್ನೊಂದು, ತುಂಡನ್ನು ಒಗೆದು ಒಣಗಿಸಿದ ಮೇಲೆ ಅಳೆಯಿರಿ. ಉಣ್ಣೆ ನೀರು ಕುಡಿದ ಮೇಲೆ ಮೈ ಬಿಡುತ್ತದೆ. ಅಂಗಡಿಯಲ್ಲಿ ಉಲನ್ ಅಂತ ಕೊಡುವುದು ಬಹಳ ಸಲ ಅಕ್ರಿಲಿಕ್, ಅದು ಒಗೆದರೂ ಜಾಸ್ತಿ ಬದಲಾಗುವುದಿಲ್ಲ. ಮತ್ತೆ ಕೇಬಲ್ ಸ್ವೆಟರಾದರೆ ಕೇಬಲ್ ಇರುವ ತುಂಡನ್ನೇ ಹೆಣೆಯಬೇಕು.

ಯಾಕೆ ಅಂದರೆ ಕೇಬಲ್ ಬಟ್ಟೆಯನ್ನು ನುಂಗುತ್ತದೆ. 21 ಇಂಚು ಅಗಲಕ್ಕೆ ಸಾದಾ ಹೆಣಿಗೆಯಾದರೆ 96 ಕುಣಿಕೆ ಸಾಕು. ಪುಸ್ತಕ ಕೇಳಿದ್ದು 112. ಉಳಿದ 16 ಎಲ್ಲಿ ಹೋದವು? ಒಂದರ ಮೇಲೊಂದು ಹತ್ತಿ ಕೂತಿವೆ. ಜಡೆ ಹಾಕಿದ ಮೇಲೆ ಕೂದಲು ಗಿಡ್ಡವಾಗಿ ಕಾಣುತ್ತದಲ್ಲ, ಹಾಗೆ. ಇಲ್ಲಿ ಉದ್ದದ ಬದಲು ಅಗಲ ಕಡಿಮೆಯಾಗುತ್ತದೆ. ಅದಕ್ಕೇ ಕೆಳಗಿನ ಪಟ್ಟಿಯನ್ನು ಕಡಿಮೆ ಕುಣಿಕೆಯಲ್ಲಿ ಹೆಣೆದು, ಕೇಬಲ್ ಶುರುವಾಗುವ ಹಿಂದಿನ ಸಾಲಿನಲ್ಲಿ ಒಟ್ಟಿಗೆ ಕುಣಿಕೆ ಹೆಚ್ಚಿಸಿಕೊಳ್ಳುವುದು. ನಾನು ಮೊದಲು ಇದು ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ.

ಕೇಬಲ್ ಮಾಡುವುದು ಕಷ್ಟ ಅಂತ ಬಹಳ ಜನ ಹೆದರುತ್ತಾರೆ. ಕಷ್ಟ ಏನಿಲ್ಲ. 6 ಕುಣಿಕೆಯ ಹಗ್ಗ ಅಂತಿಟ್ಟುಕೊಳ್ಳಿ. ಮೊದಲ 3 ಕುಣಿಕೆಯನ್ನು ಹೆಣೆಯದೆ ಒಂದು ಪುಟ್ಟ ಕಡ್ಡಿಗೆ ದಾಟಿಸಿ ಮುಂದುಗಡೆ ಬಿಡಿ. ಅದರ ಪಕ್ಕದ 3 ಹೆಣೆಯಿರಿ. ಆಮೇಲೆ ಪುಟ್ಟ ಕಡ್ಡಿಯಲ್ಲಿ ಕಾಯುತ್ತಿರುವ 3 ಹೆಣೆಯಿರಿ. ಹಿಂದಿದ್ದವರು ಮುಂದೆ ಬಂದರು, ಸರತಿ ಸಾಲಿನಲ್ಲಿ ಆಗುತ್ತದಲ್ಲ, ಹಾಗೆ. ಕಾಯುವ ಕಡ್ಡಿಯನ್ನು ಮುಂದೆ ಬಿಟ್ಟರೆ ಹಗ್ಗ ಎಡಕ್ಕೆ ಹೊರಳುತ್ತದೆ, ಹಿಂದೆ ಬಿಟ್ಟರೆ ಬಲಕ್ಕೆ. ಯಾವಾಗಲೂ ಒಂದೇ ಕಡೆ ಹೊರಳಿಸಿದರೆ ಹಗ್ಗ. 9 ಕುಣಿಕೆಯನ್ನು ಮೂರು ಕಾಲು ಮಾಡಿ, ಒಮ್ಮೆ ಎಡದ ಕಾಲನ್ನು, ಒಮ್ಮೆ ಬಲದ ಕಾಲನ್ನು ನಡುವೆ ತಂದರೆ ಮೂರು ಕಾಲಿನ ಜಡೆ. ಹೆಣ್ಣುಮಕ್ಕಳಿಗೆ ಜಡೆ ಹಾಕಿದವರು ಯಾರಾದರೂ ಇದನ್ನು ಮಾಡಬಹುದು. ಅಕ್ಕಪಕ್ಕ ಎರಡೆರಡು ಕುಣಿಕೆ ಉಲ್ಟಾ ಹಾಕಲು ಮರೆಯಬೇಡಿ. ಆ ತಗ್ಗು ಇಲ್ಲದಿದ್ದರೆ ಹಗ್ಗ ಎದ್ದು ಕಾಣುವುದಿಲ್ಲ.

ನನ್ನ ಕೇಬಲ್ ಕಡ್ಡಿ ಮೂರನೇ ವಾರಕ್ಕೇ ಸೋಫಾದೊಳಗೆ ಮಾಯವಾಯಿತು. ಮೈಸೂರಿನಲ್ಲಿ ಇದಕ್ಕೆ ಚಿಂತೆ ಇಲ್ಲ. ಉರಿದು ಮುಗಿದ ಊದಿನಕಡ್ಡಿಯ ಬುಡವನ್ನು ಉಪ್ಪುಕಾಗದದಲ್ಲಿ ಉಜ್ಜಿ ಅದರಲ್ಲೇ ಅರ್ಧ ಸ್ವೆಟರ್ ಮುಗಿಸಿದೆ. ಸ್ವೆಟರಿಗೆ ಒಂದು ತಿಂಗಳು ಗಂಧದ ವಾಸನೆ ಇತ್ತು.

ಪುಸ್ತಕದಲ್ಲಿ ಚಾರ್ಟ್ ಇರುತ್ತದೆ. ಚೌಕುಳಿ ಕಾಗದ. ಒಂದು ಮನೆಗೆ ಒಂದು ಕುಣಿಕೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಖದ ಸಾಲನ್ನು ಬಲದಿಂದ ಎಡಕ್ಕೆ, ಬೆನ್ನಿನ ಸಾಲನ್ನು ಎಡದಿಂದ ಬಲಕ್ಕೆ. ನೇಗಿಲು ಹೊಡೆದ ಹಾಗೆ, ಹೋಗಿ ತಿರುಗಿ ಬರುವುದು. ಚುಕ್ಕಿ ಇಟ್ಟು ಎಳೆ ರಂಗೋಲಿ ಹಾಕುವವರಿಗೆ ಇದು ಕಣ್ಣಿಗೆ ಬೇಗ ಹತ್ತುತ್ತದೆ. ನನಗಿಂತ ಬೇಗ ನಮ್ಮ ಪಕ್ಕದ ಮನೆಯ ರಂಗೋಲಿ ಅಜ್ಜಿ ಓದಿದರು. ಅವರಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. "ಇಲ್ಲಿ ಈ ಎಳೆ ಮೇಲೆ ಹೋಗತ್ತೆ, ಅಲ್ಲಿ ಕೆಳಗೆ. ನೀನು ತಪ್ಪು ಹಾಕಿದೀಯ" ಅಂದರು. ನಿಜವಾಗಿಯೂ ತಪ್ಪು ಹಾಕಿದ್ದೆ.

ಈ ವಿನ್ಯಾಸದಲ್ಲಿ ಹಗ್ಗ 6 ಸಾಲಿಗೊಮ್ಮೆ ತಿರುಗುತ್ತದೆ. ಪಕ್ಕದಲ್ಲಿ ಜೇನುಗೂಡಿನ ಹಾಗೆ ಕಾಣುವ ಕೇಬಲ್ 8 ಸಾಲಿಗೊಮ್ಮೆ ಮರುಕಳಿಸುತ್ತದೆ. ನಡುವಿನ ವಜ್ರದಾಕಾರದ ಕೇಬಲ್ 20 ಸಾಲಿಗೊಮ್ಮೆ. ಮೂರೂ ಒಟ್ಟಿಗೆ ಮೊದಲಿನಿಂದ ಶುರುವಾಗುವುದು ಯಾವಾಗ? ಶಾಲೆಯಲ್ಲಿ ಲ.ಸಾ.ಅ. ಮಾಡಿದ್ದು ನೆನಪಿದೆಯಾ? 6, 8, 20ರ ಲ.ಸಾ.ಅ. 120. ಬೆನ್ನು ಇರುವುದೇ 140 ಸಾಲು. ಅಂದರೆ 120 ಸಾಲು ಮುಗಿಯುವವರೆಗೆ ಪ್ರತಿ ಸಾಲೂ ಹೊಸ ಸಾಲೇ. ಬಾಯಿಪಾಠ ಮಾಡಿ ಟಿವಿ ನೋಡುತ್ತಾ ಹೆಣೆಯುವ ಆಸೆ ಬಿಡಬೇಕು. ನಾನು ಮೂರಕ್ಕೂ ಮೂರು ಕಾಲಂ ಹಾಕಿ, ಡೇ ಬುಕ್ಕಿನ ಹಾಗೆ ಪ್ರತಿ ಸಾಲಿಗೆ ಟಿಕ್ ಹಾಕುತ್ತಿದ್ದೆ.

ಈಗ ಆ ಪುಸ್ತಕದ ಮುನ್ನುಡಿಗೆ ಬರುತ್ತೇನೆ. ಅದನ್ನು ಓದಿ ನಾನು ಕಣ್ಣೀರು ಹಾಕಿದ್ದೆ. ಐರ್‌ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೊಲ್ಲಿಯ ಬಾಯಿಯಲ್ಲಿ, ಅರಾನ್ ಅಂತ ಮೂರು ದ್ವೀಪಗಳಿವೆ. ಈ ಕೇಬಲ್ ಸ್ವೆಟರಿನ ತವರು ಅದು. ದಪ್ಪ ಉಣ್ಣೆಯ ಅಳತೆಗೇ ಈಗ ಅರಾನ್ ಅನ್ನುವ ಹೆಸರು ನಿಂತಿದೆ. ಮುನ್ನುಡಿ ಹೇಳುವುದು ಹೀಗೆ: ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ವಿನ್ಯಾಸ, ಸಾವಿರಾರು ವರ್ಷ ಹಳೆಯದು. ಸಮುದ್ರದಲ್ಲಿ ಸತ್ತ ಬೆಸ್ತರ ಮುಖ ಗುರುತು ಸಿಗದಿದ್ದರೂ ಸ್ವೆಟರ್ ನೋಡಿ ಯಾರ ಮನೆಯವನು ಅಂತ ಹೇಳುತ್ತಿದ್ದರಂತೆ. ಹಗ್ಗ ಅಂದರೆ ಬೆಸ್ತರ ಹಗ್ಗ, ಜೇನುಗೂಡು ಅಂದರೆ ದುಡಿಮೆ, ವಜ್ರ ಅಂದರೆ ಅಲ್ಲಿನ ಚಿಕ್ಕ ಚಿಕ್ಕ ಹೊಲ.

ಡಬ್ಲಿನ್‌ಗೆ ಹೋದಾಗ ಮಗಳ ಬೆನ್ನು ಬಿದ್ದು ಹೋಗಿಯೇ ಬಂದೆ. ರೊಸಾವೀಲ್ ಬಂದರಿನಿಂದ ಫೆರ್ರಿಯಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ದೊಡ್ಡ ದ್ವೀಪದ ಹೆಸರು ಇನಿಶ್‌ಮೋರ್. ಮರ ಕಡಿಮೆ, ಎಲ್ಲಿ ನೋಡಿದರೂ ಸುಣ್ಣದ ಕಲ್ಲಿನ ಗೋಡೆ. ಗಾರೆ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು. ಗಾಳಿ ಸಂದಿಯಿಂದ ನುಗ್ಗಿ ಹೋಗುತ್ತದೆ, ಗೋಡೆ ನಿಂತೇ ಇರುತ್ತದೆ. ಅಂಗಡಿಯಲ್ಲಿ ಸ್ವೆಟರ್ ರಾಶಿ. ಒಂದೊಂದು ಮನೆತನದ ಹೆಸರಿನ ಸ್ವೆಟರ್ ಅಂತ ಬೇರೆ ಮಾರುತ್ತಾರೆ. ನಮ್ಮ ಗೋತ್ರದ್ದು ಇದೆಯಾ ಅಂತ ಕೇಳಬೇಕು ಅನ್ನಿಸಿತು. ಮಗಳು ಕಣ್ಣು ಬಿಟ್ಟಳು, ಸುಮ್ಮನಾದೆ.

ವಾಪಸ್ ಬಂದು ಹುಡುಕಿ ಓದಿದಾಗ ಆ ಕಣ್ಣೀರು ದಂಡವಾಯಿತು ಅಂತ ಗೊತ್ತಾಯಿತು. ಸಾವಿರಾರು ವರ್ಷ ಏನೂ ಅಲ್ಲ. ಬಡತನದ ಪಶ್ಚಿಮ ಜಿಲ್ಲೆಗಳಿಗಾಗಿ 1891ರಲ್ಲಿ ಸರ್ಕಾರ ಒಂದು ಮಂಡಳಿ ಮಾಡಿತು. ಮೀನುಗಾರಿಕೆ ಬೆಳೆಸಲು ಹೊರಗಿನಿಂದ ಜನ ಬಂದರು. ಬ್ರಿಟನ್ನಿನ ಕರಾವಳಿಯ ಬೆಸ್ತರು ಹಾಕುತ್ತಿದ್ದ ಗ್ಯಾನ್ಸಿ ಅನ್ನುವ ಸ್ವೆಟರನ್ನು ಅರಾನಿನ ಹೆಂಗಸರು ನೋಡಿದರು. ನೋಡಿ, ಕಲಿತು, ಅದರ ಮೇಲೆ ತಮ್ಮದನ್ನು ಸೇರಿಸಿದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಈಗ ನಾವು ನೋಡುವ ರೂಪ ಬಂತು. ಡಬ್ಲಿನ್‌ನಲ್ಲಿ ಮ್ಯೂರಿಯಲ್ ಗಾಹನ್ ಎಂಬಾಕೆ 1930ರಲ್ಲಿ ಹಳ್ಳಿಯ ಕೈಕೆಲಸಕ್ಕಾಗಿ ಒಂದು ಅಂಗಡಿ ತೆರೆದಳು. ದ್ವೀಪದ ಹೆಂಗಸರ ಸ್ವೆಟರುಗಳು ಪೇಟೆಗೆ ಬಂದವು. 1936ರಲ್ಲಿ ಹೈನ್ಸ್ ಕೀವೆ ಎಂಬಾತ ಡಬ್ಲಿನ್‌ನಲ್ಲಿ ಅಂಥದ್ದೊಂದನ್ನು ಕಂಡ. ಆಕ್ಸ್‌ಫರ್ಡಿನಲ್ಲಿ ಉಣ್ಣೆ ವ್ಯಾಪಾರ ಮಾಡಿದವನು. ಸುಮಾರು ಕ್ರಿ.ಶ. 800ರ ಕೆಲ್ಸ್ ಎಂಬ ಕ್ರೈಸ್ತ ಹಸ್ತಪ್ರತಿಯ ಚಿತ್ರಗಳಲ್ಲಿರುವ ಗಂಟುಗಳೂ ಈ ಕೇಬಲ್ಲೂ ಒಂದೇ ಅಂದ. ಕಥೆ ಹಬ್ಬಿತು. ಅದನ್ನು ಬಿಚ್ಚಿ ಹರಡಿದವರು ರಿಚರ್ಡ್ ರಟ್. ಅವರು ಕ್ರೈಸ್ತ ಬಿಷಪ್, ಕೊರಿಯನ್ ಕಾವ್ಯ ಬಲ್ಲವರು, ಸ್ವತಃ ಹೆಣೆಯುವವರು. 1987ರಲ್ಲಿ ಕೈಹೆಣಿಗೆಯ ಚರಿತ್ರೆ ಬರೆದು, ಈ ಪುರಾತನದ ಮಾತಿಗೆ ಆಧಾರ ಇಲ್ಲ ಅಂದರು. ಇಂಥ ಬಿಷಪ್ ಬಗ್ಗೆಯೇ ಇನ್ನೊಂದು ಭಾನುವಾರ ಮಾತಾಡಬಹುದು.

ಕನ್ನಡದಲ್ಲಿ ಜಡೆಯನ್ನೂ ಹೆಣೆಯುತ್ತೇವೆ, ಬುಟ್ಟಿಯನ್ನೂ ಬಲೆಯನ್ನೂ ಹೆಣೆಯುತ್ತೇವೆ, ಕಥೆಯನ್ನೂ ಹೆಣೆಯುತ್ತೇವೆ. ಒಂದೇ ಕ್ರಿಯಾಪದ. ಅಂಗಡಿಯವರನ್ನು ಯಾಕೆ ಬೈಯಬೇಕು?

ಆದರೆ ಆ ಸತ್ತ ಬೆಸ್ತನ ಕಥೆ ಎಲ್ಲಿಂದ ಬಂತು? ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಗೊತ್ತಿರುತ್ತದೆ. ಸಿಂಜ್ ಎಂಬ ನಾಟಕಕಾರ ಅರಾನ್ ದ್ವೀಪಗಳಿಗೆ 1898ರಿಂದ ಕೆಲವು ವರ್ಷ ಹೋಗಿಬಂದು, ಸಮುದ್ರಕ್ಕೆ ಮಕ್ಕಳನ್ನು ಕಳೆದುಕೊಂಡ ತಾಯಿಯ ಮೇಲೆ ಒಂದು ಪುಟ್ಟ ನಾಟಕ ಬರೆದ. 1904ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ದೂರದ ತೀರದಲ್ಲಿ ಸಿಕ್ಕಿದ ಹೆಣದ ಬಟ್ಟೆಗಂಟು ಬರುತ್ತದೆ. ತಂಗಿ ಕಾಲುಚೀಲ ತೆಗೆದು ಕುಣಿಕೆ ಎಣಿಸುತ್ತಾಳೆ. 60 ಕುಣಿಕೆ ಹಾಕಿದ್ದೆ, 4 ಬಿಟ್ಟಿದ್ದೆ ಅಂತ ಅವಳಿಗೆ ನೆನಪಿದೆ. ಲೆಕ್ಕ ತಾಳೆಯಾಗುತ್ತದೆ. ಅಣ್ಣ ಹೋಗಿದ್ದಾನೆ.

ಗಮನಿಸಿ, ಅಲ್ಲಿ ಸ್ವೆಟರ್ ಇಲ್ಲ, ಮನೆತನದ ವಿನ್ಯಾಸವೂ ಇಲ್ಲ. ಇರುವುದು ಒಂದು ಸಾದಾ ಕಾಲುಚೀಲ. ಅವಳು ಗುರುತಿಸಿದ್ದು ವಂಶವನ್ನಲ್ಲ, ತನ್ನದೇ ಕೈಯನ್ನು. ಮುನ್ನುಡಿಯ ಕಥೆಗಿಂತ ನನಗೆ ಇದು ಎದೆಗೆ ತಾಗಿತು. 112ರಲ್ಲಿ ಯಾರದೋ ಕೈ ಇದೆ ಅಂದೆನಲ್ಲ, ಇದೇ.

ಸರಿ, ಕಾರ್ಡಿಗನ್‌ಗೆ ವಾಪಸ್. ಸ್ವೆಟರಾದರೆ ಮುಂಭಾಗ ಒಂದು. ಕಾರ್ಡಿಗನ್‌ಗೆ ಎಡ, ಬಲ ಅಂತ ಎರಡು. ಪುಸ್ತಕ ಎಡಭಾಗವನ್ನು ಒಂದೂವರೆ ಪುಟ ವಿವರಿಸುತ್ತದೆ. ಬಲಭಾಗಕ್ಕೆ ಒಂದೇ ಸಾಲು: ಎಡಭಾಗದಂತೆಯೇ ಹೆಣೆಯಿರಿ, ಆಕಾರ ಮಾತ್ರ ತಿರುಗುಮುರುಗಾಗಲಿ. ಮುಗಿಯಿತು! ಕತ್ತು ಯಾವ ಕಡೆ, ಕಂಕುಳು ಯಾವ ಕಡೆ, ಎಡಕ್ಕೆ ಹೊರಳುತ್ತಿದ್ದ ಹಗ್ಗ ಈಗ ಬಲಕ್ಕೆ ಹೊರಳಬೇಕಾ, ಎಲ್ಲ ನಮ್ಮ ತಲೆಗೆ. ಎರಡು ಎಡಭಾಗ ಹೆಣೆದು ಕೂತ ಹೆಂಗಸರನ್ನು ನಾನು ಬಲ್ಲೆ. ನಾನು ಬಚಾವಾದದ್ದು ಹೀಗೆ: ಎರಡು ಕಡ್ಡಿಯ ನಡುವೆ ಉದ್ದ ವೈರಿರುವ ಕಡ್ಡಿ ತಂದು, ಎರಡು ಉಂಡೆ ಇಟ್ಟುಕೊಂಡು, ಎಡ ಬಲ ಎರಡನ್ನೂ ಒಟ್ಟಿಗೆ ಹೆಣೆದೆ. ಒಂದು ಕನ್ನಡಿಯಲ್ಲಿ ಇನ್ನೊಂದನ್ನು ನೋಡಿದ ಹಾಗೆ ಬರುತ್ತದೆ. ತಪ್ಪಾದರೆ ಅಲ್ಲೇ ಕಾಣುತ್ತದೆ.

ಇನ್ನೊಂದು ಅಪಾಯದ ಮಾತು "ಅದೇ ಹೊತ್ತಿಗೆ". ಕಂಕುಳಿಗೆ ಎರಡು ಸಾಲಿಗೊಮ್ಮೆ ಒಂದು ಕುಣಿಕೆ ಕಡಿಮೆ ಮಾಡುತ್ತಾ ಹೋಗಿ ಅಂತ ಪುಸ್ತಕ ಹೇಳುತ್ತದೆ. ನೀವು ಶ್ರದ್ಧೆಯಿಂದ ಮಾಡಿ ಮುಗಿಸುತ್ತೀರಿ. ಮುಂದಿನ ಪ್ಯಾರಾ ಓದಿದರೆ, ಅದೇ ಹೊತ್ತಿಗೆ ಕತ್ತಿನ ಕಡೆಯೂ ನಾಲ್ಕು ಸಾಲಿಗೊಮ್ಮೆ ಕಡಿಮೆ ಮಾಡಿ ಅಂತ ಇರುತ್ತದೆ. ಒಗ್ಗರಣೆ ಆದ ಮೇಲೆ ಈರುಳ್ಳಿ ಮೊದಲೇ ಹಾಕಬೇಕಿತ್ತು ಅಂದ ಹಾಗೆ. ಪುಸ್ತಕವನ್ನು ಕೊನೆವರೆಗೆ ಒಮ್ಮೆ ಓದಿ, ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ, ಆಮೇಲೆ ಕಡ್ಡಿ ಮುಟ್ಟಿ.

ತೋಳನ್ನು ನಾನು ಪುಸ್ತಕದಂತೆ ಹೆಣೆಯಲಿಲ್ಲ. ನನಗೆ ಅದು ಉದ್ದ. ಎಲಿಜಬೆತ್ ಜಿಮ್ಮರ್‌ಮನ್ ಅಂತ ಒಬ್ಬರಿದ್ದರು, ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಅವರು ಶೇಕಡಾ ಲೆಕ್ಕ ಹಾಕಿಕೊಟ್ಟರು. ಎದೆಯ ಸುತ್ತಿನ ಕುಣಿಕೆ 100 ಅಂತಿಟ್ಟುಕೊಂಡರೆ ಮಣಿಕಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ 33. ಮೊದಲು ನಿಮ್ಮ ಕೈಯ ಅಳತೆ ತೆಗೆದುಕೊಳ್ಳಿ, ಉಳಿದದ್ದೆಲ್ಲ ಅದರಿಂದ ಹುಟ್ಟುತ್ತದೆ. ಬಡ್ಡಿ ಲೆಕ್ಕ ಹಾಕಿದವಳಿಗೆ ಇದು ಹಬ್ಬ. ನಮ್ಮಮ್ಮನ "ಹತ್ತು ಕಡಿಮೆ"ಯೂ ಇದೇ ಲೆಕ್ಕ ಅಲ್ವಾ, ಶೇಕಡಾ ಅನ್ನಲಿಲ್ಲ ಅಷ್ಟೆ.

ಒಂದು ಸಣ್ಣ ಅಡ್ಡಮಾತು. ಕಾರ್ಡಿಗನ್ ಎನ್ನುವ ಹೆಸರು ಬಂದದ್ದು ಕಾರ್ಡಿಗನ್ನಿನ 7ನೇ ಅರ್ಲ್‌ನಿಂದ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಾಕ್ಲಾವಾದಲ್ಲಿ ಕುದುರೆ ದಳವನ್ನು ಫಿರಂಗಿಗಳ ಬಾಯಿಗೆ ನುಗ್ಗಿಸಿದವನು ಅವನೇ. ಆ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್. ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ತೋಳಿಗೆ ಅವನ ಹೆಸರು. ಇನ್ನು ಬಾಲಾಕ್ಲಾವಾ? ನಮ್ಮ ಮಂಕಿ ಕ್ಯಾಪ್! ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವ ಯಜಮಾನರುಗಳ ತಲೆಯ ಮೇಲೆ ಕ್ರಿಮಿಯಾ ಯುದ್ಧ ಇನ್ನೂ ನಡೆದೇ ಇದೆ.

ಪ್ರಶ್ನೆಗಳಿದ್ದರೆ ಕೇಳಿ.

"ಹೆಣೆದ ಮೇಲೆ ಎಷ್ಟೋ ಸಾಲು ಕೆಳಗೆ ಕೇಬಲ್ ತಪ್ಪು ತಿರುಗಿದ್ದು ಕಂಡರೆ ಎಲ್ಲ ಬಿಚ್ಚಬೇಕಾ?"

ಬೇಡ. ಆ ಕೇಬಲ್ಲಿನ 6 ಕುಣಿಕೆಯನ್ನು ಮಾತ್ರ ಕಡ್ಡಿಯಿಂದ ಬಿಟ್ಟು, ತಪ್ಪಾದ ಸಾಲಿನವರೆಗೆ ಇಳಿಸಿ. ಏಣಿಯ ಹಾಗೆ ನೂಲು ನಿಲ್ಲುತ್ತದೆ. ಸರಿಯಾಗಿ ದಾಟಿಸಿ, ಕ್ರೋಶಾ ಕಡ್ಡಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಿ. ಮೊದಲ ಸಲ ಎದೆ ಹೊಡೆದುಕೊಳ್ಳುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಮಾಡಿ.

"ನಮ್ಮ ಚಳ್ಳಕೆರೆ ಕಡೆಯ ಕಂಬಳಿ ಉಣ್ಣೆಯಲ್ಲಿ ಹೆಣೆಯಬಹುದಾ?"

ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದು ಚಿನ್ನ, ಮಳೆಗೂ ಜಗ್ಗುವುದಿಲ್ಲ. ಸ್ವೆಟರ್ ಮಾಡಿ ಕುತ್ತಿಗೆಗೆ ಹಾಕಿದರೆ ತುರಿಕೆ. ಚೀಲ, ಆಸನ ಮಾಡಲು ಚೆನ್ನಾಗಿರುತ್ತದೆ ಅಂತ ನನ್ನ ಅನಿಸಿಕೆ.

"ಎಷ್ಟು ನೂಲು ಬೇಕಾಯಿತು? ಖರ್ಚು?"

900 ಗ್ರಾಂ. ಎಲ್ಲವನ್ನೂ ಒಂದೇ ಸಲ, ಒಂದೇ ಲಾಟ್ ನಂಬರಿನದು ನೋಡಿ ತನ್ನಿ. ಬಣ್ಣದ ಪಾತ್ರೆ ಬದಲಾದರೆ ಕೆನೆ ಬಣ್ಣದಲ್ಲೂ ಗೆರೆ ಬೀಳುತ್ತದೆ. ಖರ್ಚು ಕೇಳಬೇಡಿ, ಯಜಮಾನರು ಇಲ್ಲೇ ಬಾಗಿಲ ಹತ್ತಿರ ಕೂತಿದ್ದಾರೆ. ಕುಣಿಕೆ ಬೇಕಾದರೆ ಹೇಳುತ್ತೇನೆ. ಬೆನ್ನು 15,680. ಮುಂದಿನ ಎರಡು ಸೇರಿ ಅಷ್ಟೇ. ತೋಳು ಎರಡಕ್ಕೆ 15,840. ಒಟ್ಟು 47,200. ಪಟ್ಟಿ, ಕಾಲರ್ ಬಿಟ್ಟು, ಕಂಕುಳು ಕತ್ತಿನಲ್ಲಿ ಕಡಿಮೆ ಮಾಡಿದ್ದನ್ನು ಕಳೆಯದೆ. ಬಿಚ್ಚಿದ ಬೆನ್ನನ್ನು ಸೇರಿಸಿಲ್ಲ.

"ಬಿಚ್ಚಿದ ನೂಲು ಏನು ಮಾಡಿದಿರಿ?"

ಗುಂಗುರು ಗುಂಗುರಾಗಿತ್ತು. ಲಡಿ ಮಾಡಿ, ನೀರಲ್ಲಿ ಅದ್ದಿ, ಕೆಳಗೆ ಒಂದು ಚಮಚ ನೇತುಹಾಕಿ ಒಣಗಿಸಿದೆ. ನೆಟ್ಟಗಾಯಿತು. ಈ ಸ್ವೆಟರಿನ ಎರಡು ತೋಳೂ ಅದೇ ನೂಲು.

"ಮೈಸೂರಿನಲ್ಲಿ ಇಷ್ಟು ದಪ್ಪದ್ದು ಎಲ್ಲಿ ಹಾಕಿಕೊಳ್ಳುತ್ತೀರಿ ಮೇಡಂ?"

ಒಳ್ಳೆಯ ಪ್ರಶ್ನೆ. ಬೆಂಗಳೂರಿಗೆ ಹೋಗುವ ಏಸಿ ಬಸ್ಸಿನಲ್ಲಿ. ಮತ್ತೆ ಇಂಥ ಹಾಲ್‌ಗಳಲ್ಲಿ. ಏಸಿ ಯಾಕೋ ಇವತ್ತು ಜಾಸ್ತಿನೇ ಇದೆ. ಅಂದಹಾಗೆ ಸ್ವೆಟರ್ ಎಲ್ಲಿಗೆ ಬಂತು? ಮೂರನೇ ಸಾಲಿನಿಂದ ಆಚೆ ನನಗೆ ಕಾಣುತ್ತಿಲ್ಲ. ಯಾರ ಹತ್ತಿರ ಇದೆ? ಓಹ್, ಕೊನೇ ಸಾಲಿನ ಅಜ್ಜಿ ಹಾಕಿಕೊಂಡೇ ಕೂತಿದ್ದಾರೆ. ಗುಂಡಿಯನ್ನೂ ಹಾಕಿಕೊಂಡಿದ್ದಾರೆ. ಇರಲಿ ಬಿಡಿ ಅಜ್ಜಿ, ಕಾಫಿ ಆದ ಮೇಲೆ ಕೊಡಿ.